ಸಾಲಿನಲ್ಲಿ ಬಗ್ಗುವವರು ಯಾರು? ಅಮೆರಿಕದ ವಲಸೆ ಕೃಷಿ ಕೂಲಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟ್ರಾಬೆರಿ, ತಿನ್ನುವ ದ್ರಾಕ್ಷಿ, ಲೆಟಿಸ್ ಸೊಪ್ಪು, ಅಂಗಡಿಯಲ್ಲಿ ಹಸಿಯಾಗಿ ಮಾರುವ ಟೊಮೆಟೊ. ಅಮೆರಿಕದಲ್ಲಿ ಇವನ್ನೆಲ್ಲ ಇವತ್ತಿಗೂ ಬಹುಪಾಲು ಕೈಯಲ್ಲೇ ಕೊಯ್ಯುತ್ತಾರೆ. ಆ ಕೈಗಳು ಹೆಚ್ಚಾಗಿ ಬೇರೆ ದೇಶದವು. ಈ ವಿಷಯ ತೆಗೆದಾಗಲೆಲ್ಲ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಕೆಲವರು ತಿಳಿಯುವ ಆಸೆಯಿಂದ ಕೇಳುತ್ತಾರೆ, ಕೆಲವರು ಕೊಂಚ ಸಿಟ್ಟಿನಿಂದ ಕೇಳುತ್ತಾರೆ. ಇಬ್ಬರಿಗೂ ಇಲ್ಲಿ ಉತ್ತರ ಬರೆದಿದ್ದೇನೆ.

ಈ ಕೂಲಿಗಳು ಯಾರು? ಎಲ್ಲಿಂದ ಬರುತ್ತಾರೆ?

ಬೆಳೆ ಕೂಲಿಗಳ ಬಗ್ಗೆ ಅಲ್ಲಿನ ಕಾರ್ಮಿಕ ಇಲಾಖೆ ಸಮೀಕ್ಷೆ ಮಾಡಿಸುತ್ತದೆ. ಅದರ ಪ್ರಕಾರ ಹತ್ತರಲ್ಲಿ ಸುಮಾರು ಏಳು ಜನ ಹೊರದೇಶದಲ್ಲಿ ಹುಟ್ಟಿದವರು. ಅವರಲ್ಲಿ ಹೆಚ್ಚಿನವರು ಮೆಕ್ಸಿಕೋದವರು. ಹತ್ತರಲ್ಲಿ ನಾಲ್ಕು ಜನಕ್ಕೆ ಅಲ್ಲಿ ಕೆಲಸ ಮಾಡಲು ಬೇಕಾದ ಕಾಗದಪತ್ರ ಇಲ್ಲ.

ಈ ಲೆಕ್ಕಕ್ಕೆ ಸೇರದ ಇನ್ನೊಂದು ಗುಂಪಿದೆ. ಎಚ್-2ಎ ಅನ್ನುವ ವೀಸಾದಲ್ಲಿ ಕೆಲವು ತಿಂಗಳ ಮಟ್ಟಿಗೆ ಬಂದು ಹೋಗುವವರು. ಈಚಿನ ವರ್ಷಗಳಲ್ಲಿ ಸರ್ಕಾರ ವರ್ಷಕ್ಕೆ ಮೂರೂವರೆ ಲಕ್ಷಕ್ಕೂ ಜಾಸ್ತಿ ಇಂಥ ಕೆಲಸಗಳಿಗೆ ಒಪ್ಪಿಗೆ ಕೊಡುತ್ತಿದೆ. ಇವರಲ್ಲೂ ಹತ್ತಕ್ಕೆ ಒಂಬತ್ತು ಜನ ಮೆಕ್ಸಿಕೋದವರೇ.

ಕೂಲಿ ಕಡಿಮೆ ಅಂದರೆ ಅದು ಬಡತನದ ಮಾತು. ಇದರಲ್ಲಿ ಜನಾಂಗ ಎಲ್ಲಿಂದ ಬಂತು?

ಕಾನೂನಿನಿಂದಲೇ ಬಂತು. 1935ರಲ್ಲಿ ಅಮೆರಿಕ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕು ಕೊಟ್ಟಿತು. 1938ರಲ್ಲಿ ಕನಿಷ್ಠ ಕೂಲಿ ಮತ್ತು ಓವರ್‌ಟೈಮ್ ಕಾನೂನು ತಂದಿತು. ಎರಡರಿಂದಲೂ ಹೊಲದ ಕೂಲಿಗಳನ್ನು ಹೊರಗಿಟ್ಟಿತು. ಮನೆಗೆಲಸದವರಿಗೂ ಅದೇ ಗತಿಯಾಯಿತು.

ಯಾಕೆ ಈ ಎರಡೇ ಕೆಲಸ? ಆಗ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಬಿಡಿಸುತ್ತಿದ್ದವರು, ಬಿಳಿಯರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ಬಹುಪಾಲು ಕಪ್ಪು ಜನ. ಆ ರಾಜ್ಯಗಳ ಸಂಸದರ ಓಟಿಲ್ಲದೆ ಕಾನೂನು ಪಾಸಾಗುತ್ತಿರಲಿಲ್ಲ. ತಮ್ಮ ಹೊಲದ ಆಳು ಕಾರ್ಖಾನೆಯ ಬಿಳಿಯನಷ್ಟೇ ಕೂಲಿ ಕೇಳುವುದು ಅವರಿಗೆ ಬೇಕಿರಲಿಲ್ಲ. ಕಾನೂನಿನಲ್ಲಿ ‘ಕಪ್ಪು’ ಅನ್ನುವ ಮಾತೇ ಇಲ್ಲ. ಕೆಲಸದ ಹೆಸರು ಬರೆದರೆ ಸಾಕಿತ್ತು.

ಹೊಲದ ಕೂಲಿಗೆ ಕನಿಷ್ಠ ಕೂಲಿ ಸಿಕ್ಕಿದ್ದು 1966ರ ತಿದ್ದುಪಡಿಯಲ್ಲಿ, ಅದೂ ದೊಡ್ಡ ಜಮೀನುಗಳಲ್ಲಿ ಮಾತ್ರ. ಓವರ್‌ಟೈಮ್ ಅಂತೂ ಇಡೀ ದೇಶದ ಕಾನೂನಿನಲ್ಲಿ ಇವತ್ತಿಗೂ ಇಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಆರೆಗಾನ್, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳು ತಾವೇ ಕಾನೂನು ಮಾಡಿಕೊಂಡಿವೆ, ಅದೂ ಹೆಚ್ಚಾಗಿ 2016ರಿಂದ ಈಚೆಗೆ. ಆಗ ಕಪ್ಪು ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಬಿಟ್ಟ ಕಿಂಡಿಯಲ್ಲಿ ಈಗ ಮೆಕ್ಸಿಕೋದವರು ನಿಂತಿದ್ದಾರೆ.

ಮೊದಲಿನಿಂದಲೂ ಮೆಕ್ಸಿಕೋದವರೇ ಇದ್ದರಾ?

ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಚೀನಾದವರು. 1882ರ ಕಾನೂನು ಅವರು ಬರುವ ಬಾಗಿಲು ಮುಚ್ಚಿತು. ಆಮೇಲೆ ಜಪಾನಿನವರು. ಅವರು ಕೂಲಿಯಿಂದ ಮೇಲೆದ್ದು ಸ್ವಂತ ಜಮೀನು ಮಾಡತೊಡಗಿದರು. ಆಗ 1913ರಲ್ಲಿ ರಾಜ್ಯ ಹೊಸ ಕಾನೂನು ತಂದಿತು: ಅಮೆರಿಕದ ಪ್ರಜೆಯಾಗುವ ಹಕ್ಕಿಲ್ಲದವರು ಜಮೀನು ಕೊಳ್ಳುವಂತಿಲ್ಲ. ಏಷ್ಯಾದವರಿಗೆ ಪ್ರಜೆಯಾಗುವ ಹಕ್ಕೇ ಇರಲಿಲ್ಲವಲ್ಲ! ನಂತರ ಪಂಜಾಬಿಗಳು, ಫಿಲಿಪೀನ್ಸ್‌ನವರು, ಮೆಕ್ಸಿಕೋದವರು.

ಒಂದು ಗುಂಪು ಕೊಂಚ ತಲೆ ಎತ್ತಿತು ಅನ್ನುವಷ್ಟರಲ್ಲಿ ಅದರ ಕೆಳಗೆ ಇನ್ನೊಂದನ್ನು ತಂದು ಕೂರಿಸುವುದು. ನನಗೆ ಈ ಇಡೀ ಚರಿತ್ರೆಯಲ್ಲಿ ಎದ್ದು ಕಾಣುವುದು ಇದೇ. ಪ್ರತಿ ಗುಂಪಿನ ಬಗ್ಗೆಯೂ ‘ಬಗ್ಗಿ ಮಾಡುವ ಕೆಲಸಕ್ಕೆ ಇವರೇ ಸರಿ, ಇವರ ಮೈಕಟ್ಟೇ ಹಾಗೆ’ ಅನ್ನುವ ಮಾತು ಹುಟ್ಟಿಕೊಂಡಿತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಾಜಕಾರಣಿಯೊಬ್ಬರು ಮೆಕ್ಸಿಕೋದವರ ಬಗ್ಗೆ ಬಹಿರಂಗವಾಗಿಯೇ ಇದನ್ನು ಹೇಳಿದ್ದರು. ಅವರು ನೆಲಕ್ಕೆ ಹತ್ತಿರ ಹುಟ್ಟಿದವರಂತೆ, ಬಗ್ಗಲು ಸುಲಭವಂತೆ.

ಭಾರತದವರೂ ಹೊಲದ ಕೂಲಿ ಮಾಡಿದ್ದಾರಾ?

ಮಾಡಿದ್ದಾರೆ. 1900ರ ನಂತರದ ವರ್ಷಗಳಲ್ಲಿ ಪಂಜಾಬಿನಿಂದ ಹೋದವರು, ಹೆಚ್ಚಿನವರು ಸಿಖ್ಖರು, ಕ್ಯಾಲಿಫೋರ್ನಿಯಾದ ಯೂಬಾ ಸಿಟಿ ಸುತ್ತ ಮತ್ತು ಇಂಪೀರಿಯಲ್ ಕಣಿವೆಯಲ್ಲಿ ದುಡಿದರು. ಬಹುತೇಕ ಎಲ್ಲರೂ ಗಂಡಸರು. ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲು ದಾರಿ ಇರಲಿಲ್ಲ. ಬಿಳಿಯರನ್ನು ಮದುವೆಯಾಗಲು ಕಾನೂನು ಬಿಡುತ್ತಿರಲಿಲ್ಲ. ಹಾಗಾಗಿ ಹಲವರು ಪಕ್ಕದ ಸಾಲಿನಲ್ಲಿ ದುಡಿಯುತ್ತಿದ್ದ ಮೆಕ್ಸಿಕೋದ ಹೆಂಗಸರನ್ನೇ ಮದುವೆಯಾದರು.

1923ರಲ್ಲಿ ಭಗತ್ ಸಿಂಗ್ ತಿಂದ್ ಅನ್ನುವವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ‘ಬಿಳಿಯರಲ್ಲ’, ಆದ್ದರಿಂದ ಪ್ರಜೆಗಳಾಗುವಂತಿಲ್ಲ ಅಂದಿತು. ಅದು ಬದಲಾಗಿದ್ದು 1946ರಲ್ಲಿ. ಹತ್ತು ವರ್ಷ ಕಳೆದ ಮೇಲೆ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಇದೇ ಇಂಪೀರಿಯಲ್ ಕಣಿವೆಯಿಂದ ಅಮೆರಿಕದ ಸಂಸತ್ತಿಗೆ ಗೆದ್ದು ಹೋದರು. ಏಷ್ಯಾ ಮೂಲದ ಮೊದಲ ಸಂಸದ. ಗಣಿತದಲ್ಲಿ ಪಿಎಚ್‌ಡಿ ಮಾಡಿದ್ದ ಮನುಷ್ಯ. ಆದರೂ ಅಲ್ಲಿ ಮೊದಲು ಸಿಕ್ಕ ಕೆಲಸ ಹತ್ತಿ ಬಿಡಿಸುವ ಗುಂಪಿನ ಮೇಸ್ತ್ರಿಕೆ.

‘ಬ್ರಸೆರೋ’ ಯೋಜನೆ ಅಂದರೆ ಏನು?

ಎರಡನೇ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಆಳುಗಳ ಕೊರತೆ ಬಿತ್ತು. 1942ರಲ್ಲಿ ಮೆಕ್ಸಿಕೋ ಜೊತೆ ಒಪ್ಪಂದವಾಯಿತು. ಗಂಡಸರು ಮಾತ್ರ ಬರಬೇಕು, ಕೆಲವು ತಿಂಗಳು ದುಡಿಯಬೇಕು, ವಾಪಸ್ ಹೋಗಬೇಕು. ‘ಬ್ರಸೋ’ ಅಂದರೆ ಸ್ಪ್ಯಾನಿಷ್‌ನಲ್ಲಿ ತೋಳು. ಬ್ರಸೆರೋ ಅಂದರೆ ತೋಳುಬಲದಿಂದ ದುಡಿಯುವವನು. ಹೆಸರೇ ಹೇಳುತ್ತದೆ, ಬೇಕಾಗಿದ್ದು ತೋಳು.

ಯುದ್ಧ ಮುಗಿಯಿತು, ಯೋಜನೆ ಮುಗಿಯಲಿಲ್ಲ. 1964ರವರೆಗೆ ನಡೆಯಿತು. ಒಟ್ಟು 45 ಲಕ್ಷಕ್ಕೂ ಜಾಸ್ತಿ ಕರಾರುಗಳಾದವು. ಒಬ್ಬನೇ ಹಲವು ಸಲ ಹೋಗಿ ಬಂದದ್ದೂ ಇದರಲ್ಲಿ ಸೇರಿದೆ. ಕರಾರಿನಲ್ಲಿ ಬರೆದದ್ದು ಚೆನ್ನಾಗಿಯೇ ಇತ್ತು: ಗಂಟೆಗೆ ಕನಿಷ್ಠ 30 ಸೆಂಟ್, ವಸತಿ, ಭೇದಭಾವ ಇಲ್ಲ. ಮೆಕ್ಸಿಕೋದವರನ್ನು ಕೀಳಾಗಿ ನಡೆಸಿಕೊಳ್ಳುತ್ತಾರೆ ಅಂತ ಮೆಕ್ಸಿಕೋ ಸರ್ಕಾರ ಕೆಲವು ವರ್ಷ ಟೆಕ್ಸಸ್‌ಗೆ ಆಳು ಕಳಿಸಲೂ ಒಪ್ಪಿರಲಿಲ್ಲ. ಆದರೆ ಗಡಿ ದಾಟಿದ ಮೇಲೆ ಕರಾರು ಓದುವವರು ಯಾರು? ಗಡಿಯ ಕೇಂದ್ರಗಳಲ್ಲಿ ಬಂದವರನ್ನು ಬಟ್ಟೆ ಬಿಚ್ಚಿಸಿ ನಿಲ್ಲಿಸುತ್ತಿದ್ದರು. ಮೈಮೇಲೆ ಡಿಡಿಟಿ ಪುಡಿ ಹೊಡೆಯುತ್ತಿದ್ದರು. 1963ರಲ್ಲಿ ಕ್ಯಾಲಿಫೋರ್ನಿಯಾದ ಚುಅಲಾರ್ ಹತ್ತಿರ ಇವರನ್ನು ತುಂಬಿಕೊಂಡು ಹೋಗುತ್ತಿದ್ದ ಗಾಡಿಗೆ ರೈಲು ಬಡಿದು 32 ಜನ ಸತ್ತರು. ಅದು ಬಸ್ಸೇ ಅಲ್ಲ. ಲಾರಿಯ ಮೇಲೆ ಬೆಂಚು ಹಾಕಿ ಬಸ್ಸಿನಂತೆ ಮಾಡಿದ್ದರು.

ಕೂಲಿಗಳ ಬೆನ್ನು ಮುರಿದ ಗಿಡ್ಡ ಗುದ್ದಲಿಯ ಕಥೆ ನಿಜವಾ?

ನಿಜ. ‘ಎಲ್ ಕೊರ್ತೀತೋ’ ಅಂತ ಕರೆಯುತ್ತಿದ್ದರು, ‘ಗಿಡ್ಡದು’ ಅಂತ ಅರ್ಥ. ಹಿಡಿಕೆ ಒಂದು ಮೊಳದ ಆಸುಪಾಸು. ಲೆಟಿಸ್, ಸಕ್ಕರೆ ಬೀಟ್‌ರೂಟ್ ಸಾಲಿನಲ್ಲಿ ಸಸಿ ತೆಳುವು ಮಾಡಲು, ಕಳೆ ತೆಗೆಯಲು. ದಿನವಿಡೀ ಸೊಂಟ ಮುರಿದು ಬಗ್ಗಿಯೇ ಇರಬೇಕು. ಉದ್ದ ಹಿಡಿಯ ಗುದ್ದಲಿಯಿಂದ ಸಸಿ ಹಾಳಾಗುತ್ತದೆ ಅಂತ ಮಾಲೀಕರು ಹೇಳುತ್ತಿದ್ದರು. ಕೂಲಿಗಳಿಗೆ ಗೊತ್ತಿದ್ದ ಕಾರಣ ಬೇರೆ. ಗಿಡ್ಡ ಗುದ್ದಲಿ ಹಿಡಿದವನು ನೆಟ್ಟಗೆ ನಿಂತ ಅಂದರೆ ಕೆಲಸ ನಿಲ್ಲಿಸಿದ ಅಂತ. ದೂರದಿಂದಲೇ ಮೇಸ್ತ್ರಿಗೆ ಕಾಣುತ್ತದೆ. ಬೆನ್ನುಮೂಳೆ ಸವೆದವರ ಸಂಖ್ಯೆಗೆ ಲೆಕ್ಕವಿಲ್ಲ. ಕ್ಯಾಲಿಫೋರ್ನಿಯಾ 1975ರಲ್ಲಿ ಇದನ್ನು ನಿಷೇಧಿಸಿತು. ಲೆಟಿಸ್ ಬೆಳೆಗೆ ಏನೂ ಆಗಲಿಲ್ಲ.

ಎಲ್ಲರೂ ಮೆಕ್ಸಿಕೋದವರೇ ಅಂದ ಮೇಲೆ ಅವರೊಳಗೆ ಎಂಥ ಭೇದ?

ಹೊರಗಿನವರಿಗೆ ಕಾಣದ ಭೇದ ಇದು, ಆದರೆ ಹೊಲದಲ್ಲಿ ಇರುವವರನ್ನು ದಿನಾ ಚುಚ್ಚುತ್ತದೆ. ದಕ್ಷಿಣ ಮೆಕ್ಸಿಕೋದ ವಾಹಾಕಾ, ಗೆರೆರೋ ರಾಜ್ಯಗಳಿಂದ ಬರುವ ಮಿಶ್ತೆಕ್, ತ್ರಿಕಿ, ಸಪೊತೆಕ್ ಜನ ಮೂಲನಿವಾಸಿಗಳು. ಸ್ಪೇನಿನವರು ಬರುವುದಕ್ಕೆ ಬಹಳ ಮೊದಲಿನಿಂದ ಅಲ್ಲಿದ್ದವರು. ಅವರ ಮನೆಮಾತು ಸ್ಪ್ಯಾನಿಷ್ ಅಲ್ಲ. ಅದರ ಉಪಭಾಷೆಯೂ ಅಲ್ಲ. ಸಂಬಂಧವೇ ಇಲ್ಲದ ಬೇರೆ ಭಾಷೆಗಳು. 1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವೆ ಜಾರಿಗೆ ಬಂದ ನಾಫ್ತಾ ವ್ಯಾಪಾರ ಒಪ್ಪಂದದ ನಂತರ ಅಮೆರಿಕದ ಅಗ್ಗದ ಮೆಕ್ಕೆಜೋಳ ಮೆಕ್ಸಿಕೋಗೆ ನುಗ್ಗಿತು. ತುಂಡು ಹೊಲದಲ್ಲಿ ಮೆಕ್ಕೆಜೋಳ ಬೆಳೆದುಕೊಂಡಿದ್ದ ಇಂಥ ಕುಟುಂಬಗಳು ಇನ್ನಷ್ಟು ಕಂಗೆಟ್ಟು ಉತ್ತರಕ್ಕೆ ಹೊರಟವು.

ಹೊಲದಲ್ಲಿ ಮಾಲೀಕ ಬಿಳಿಯ. ಕಚೇರಿಯಲ್ಲಿ ಇಂಗ್ಲಿಷ್ ಬಲ್ಲವರು. ಮೇಸ್ತ್ರಿ ಸಾಮಾನ್ಯವಾಗಿ ಸ್ಪ್ಯಾನಿಷ್ ಮಾತಿನ, ಮೈಬಣ್ಣ ಕೊಂಚ ತಿಳಿಯಾದ ಮೆಕ್ಸಿಕೋದವನು. ನೆಲಕ್ಕೆ ಅಂಟಿಕೊಂಡ ಸ್ಟ್ರಾಬೆರಿ ಬಿಡಿಸುವುದು ಮಿಶ್ತೆಕ್, ತ್ರಿಕಿ ಜನರ ಪಾಲು. ಅದರಷ್ಟು ಬೆನ್ನು ಮುರಿಯುವ ಕೊಯ್ಲು ಕಡಿಮೆ. ಯಾರೂ ಬೋರ್ಡ್ ಹಾಕಿ ಹೀಗೆ ಹಂಚಿಲ್ಲ. ಆದರೂ ಹೊಲದಿಂದ ಹೊಲಕ್ಕೆ ಹೋದರೂ ಇದೇ ಕಾಣುತ್ತದೆ.

ಬೈಗುಳವೂ ಇದೆ. ‘ವಾಹಾಕೀತಾ’, ‘ಇಂದೀತೋ’ ಅನ್ನುತ್ತಾರೆ. ಕೇಳಲು ಮುದ್ದು ಮಾಡಿದಂತೆ, ಒಳಗೆ ಕುಳ್ಳರು, ಕರಿಯರು, ದಡ್ಡರು ಅನ್ನುವ ಅರ್ಥ. ಸ್ಟ್ರಾಬೆರಿಗೆ ಹೆಸರಾದ ಆಕ್ಸ್‌ನಾರ್ಡ್ ಊರಿನಲ್ಲಿ ಶಾಲೆ ಮಕ್ಕಳೂ ಇದನ್ನು ಕೇಳಿ ಕುಗ್ಗುತ್ತಿದ್ದರು. ‘ನನ್ನನ್ನು ಹಾಗೆ ಕರೆಯಬೇಡಿ’ ಅಂತ ಅಲ್ಲಿನ ಜನ ಚಳವಳಿ ಮಾಡಿದರು. 2012ರಲ್ಲಿ ಶಾಲಾ ಮಂಡಳಿ ಆ ಮಾತುಗಳನ್ನು ಶಾಲೆಯಲ್ಲಿ ಬಳಸಬಾರದು ಅಂದಿತು.

ಭಾಷೆ ಬರದಿದ್ದರೆ ಅಷ್ಟು ದೊಡ್ಡ ತೊಂದರೆಯಾ?

1986ರಲ್ಲಿ ಆರೆಗಾನ್‌ನಲ್ಲಿ ಸ್ಟ್ರಾಬೆರಿ ಕೊಯ್ಯಲು ಬಂದಿದ್ದ ಒಬ್ಬ ಮಿಶ್ತೆಕ್ ಹುಡುಗನ ಮೇಲೆ ಕೊಲೆ ಆರೋಪ ಬಂತು. ಕೋರ್ಟು ಸ್ಪ್ಯಾನಿಷ್ ದುಭಾಷಿಯನ್ನು ಕೊಟ್ಟಿತು. ಮೆಕ್ಸಿಕೋದವನು ಅಂದ ಮೇಲೆ ಸ್ಪ್ಯಾನಿಷ್ ಬರಲೇಬೇಕಲ್ಲ ಅನ್ನುವ ಲೆಕ್ಕ. ಶಿಕ್ಷೆಯಾಯಿತು. ಅವನು ತಪ್ಪಿತಸ್ಥ ಅಂತ ತೀರ್ಪು ಕೊಟ್ಟ ಜ್ಯೂರಿಯಲ್ಲೇ ಕೆಲವರಿಗೆ ಆಮೇಲೆ ಅನುಮಾನ ಹುಟ್ಟಿತು. ಹೊರಗೆ ಬರುವಷ್ಟರಲ್ಲಿ 1991 ಆಗಿತ್ತು.

ದಿನದಿನದ ತೊಂದರೆ ಇಷ್ಟು ದೊಡ್ಡದಿರಬೇಕಾಗಿಲ್ಲ. ಔಷಧಿ ಹೊಡೆದ ಹೊಲಕ್ಕೆ ಇಳಿಯಬೇಡಿ ಅನ್ನುವ ಬೋರ್ಡ್ ಇಂಗ್ಲಿಷ್, ಸ್ಪ್ಯಾನಿಷ್‌ನಲ್ಲಿ ಇರುತ್ತದೆ. ತ್ರಿಕಿ ಮಾತ್ರ ಬಲ್ಲ ಹೆಂಗಸಿಗೆ ಅದು ಸುಮ್ನೆ ಒಂದು ಬೋರ್ಡ್.

ಮೇಸ್ತ್ರಿ ಅವರವನೇ ಅಲ್ವಾ? ಅವನೇ ಸುಲಿಗೆ ಮಾಡಿದರೆ ಮಾಲೀಕ ಏನು ಮಾಡಬೇಕು?

ಬೇಲಿಯೇ ಎದ್ದು ಹೊಲ ಮೇಯುತ್ತದೆ, ಹೌದು. ಹಾಜರಿ ಬರೆಯುವವನು, ಬಸ್ಸಿನಲ್ಲಿ ಕರೆದೊಯ್ಯುವವನು, ಊಟ ಮಾರುವವನು, ಕೋಣೆ ಬಾಡಿಗೆ ಕೊಡುವವನು ಎಲ್ಲ ಒಬ್ಬನೇ ಆಗಿರುವುದುಂಟು. ಪ್ರತಿಯೊಂದಕ್ಕೂ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ.

ಆದರೆ ಈ ಏರ್ಪಾಡು ಮಾಲೀಕನಿಗೆ ಬಹಳ ಅನುಕೂಲ. ಆಳುಗಳನ್ನು ಗುತ್ತಿಗೆದಾರನ ಮೂಲಕ ತರಿಸಿದರೆ ‘ಅವರು ನನ್ನ ಕೆಲಸದವರಲ್ಲ, ಅವನ ಕೆಲಸದವರು’ ಅನ್ನಬಹುದು. ಗುತ್ತಿಗೆದಾರನ ಹತ್ತಿರ ಆಸ್ತಿ ಇಲ್ಲ. ಕೇಸು ಬಿದ್ದರೆ ಹೆಸರು ಬದಲಿಸಿ ಮುಂದಿನ ಹಂಗಾಮಿಗೆ ಹೊಸ ಬೋರ್ಡ್ ಹಾಕುತ್ತಾನೆ. ಸುಲಿಯುವವನ ಮುಖ ಸುಲಿಗೆಗೆ ಒಳಗಾದವನ ಮುಖದಂತೆಯೇ ಇದ್ದರೆ, ಮೇಲೆ ಕುಳಿತವನು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಚ್-2ಎ ವೀಸಾದವರು ಕಾನೂನಿನ ಪ್ರಕಾರವೇ ಬರುತ್ತಾರೆ. ಅವರಿಗೆ ತೊಂದರೆ ಇಲ್ಲ ತಾನೇ?

ಕಾಗದದ ಮೇಲೆ ಅವರ ಸ್ಥಿತಿ ಒಳ್ಳೆಯದು. ಮಾಲೀಕ ಉಚಿತವಾಗಿ ವಸತಿ ಕೊಡಬೇಕು. ಕರಾರಿನಲ್ಲಿ ಹೇಳಿದ ಕೆಲಸದ ನಾಲ್ಕರಲ್ಲಿ ಮೂರು ಪಾಲನ್ನಾದರೂ ಕೊಟ್ಟೇ ತೀರಬೇಕು. ಸಮಸ್ಯೆ ಒಂದೇ, ಅದು ದೊಡ್ಡದು. ವೀಸಾ ಒಬ್ಬ ಮಾಲೀಕನಿಗೆ ಕಟ್ಟಿದ್ದು. ಕೆಲಸ ಬಿಟ್ಟರೆ ದೇಶವನ್ನೇ ಬಿಡಬೇಕು. ಊರಿನಲ್ಲಿ ಏಜೆಂಟನಿಗೆ ಸಾಲ ಮಾಡಿ ದುಡ್ಡು ಕೊಟ್ಟು ಬಂದಿರುತ್ತಾರೆ. ಹಾಗೆ ವಸೂಲಿ ಮಾಡುವಂತಿಲ್ಲ ಅಂತ ನಿಯಮ ಇದೆ, ವಸೂಲಿಯೂ ಇದೆ. ಸಾಲ ತಲೆಮೇಲೆ ಇರುವಾಗ ಬಾಯಿ ಬಿಡುವವರು ಯಾರು? ಮುಂದಿನ ವರ್ಷ ಪಟ್ಟಿಯಲ್ಲಿ ಹೆಸರು ಇರಬೇಕಲ್ಲ.

2021ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ದೊಡ್ಡದೊಂದು ಪ್ರಕರಣ ಹೊರಬಂತು. ಇದೇ ವೀಸಾದಲ್ಲಿ ಕರೆತಂದವರ ಪಾಸ್‌ಪೋರ್ಟ್ ಕಿತ್ತುಕೊಂಡು, ಬರಿಗೈಯಲ್ಲಿ ಈರುಳ್ಳಿ ಕೀಳಿಸಿ, ಬಂದೂಕು ತೋರಿಸಿ ಹೆದರಿಸುತ್ತಿದ್ದರು ಅನ್ನುವುದು ಸರ್ಕಾರಿ ವಕೀಲರ ಆರೋಪ.

ವಿದೇಶಿ ಕೂಲಿಗಳಲ್ಲಿ ಬಿಳಿಯರೂ ಇದ್ದಾರಂತೆ?

ಇದ್ದಾರೆ. ಈ ಭಾಗ ಓದಿದಾಗ ನನಗೇ ಒಂದು ಕ್ಷಣ ನಂಬಿಕೆ ಬರಲಿಲ್ಲ. ಮಿಸ್ಸಿಸ್ಸಿಪ್ಪಿ ಡೆಲ್ಟಾದಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಕಪ್ಪು ಕೂಲಿಗಳಿದ್ದರು. ಅಲ್ಲಿನ ಕೆಲವು ಜಮೀನುಗಳು ಎಚ್-2ಎ ವೀಸಾದಲ್ಲಿ ದಕ್ಷಿಣ ಆಫ್ರಿಕಾದಿಂದ ಬಿಳಿಯ ಹುಡುಗರನ್ನು ತರಿಸತೊಡಗಿದವು. ಟ್ರ್ಯಾಕ್ಟರ್ ಓಡಿಸುವ ಕೆಲಸ ಒಂದೇ. ಕೂಲಿ ಬೇರೆ. ಹೊಸಬರಿಗೆ ಗಂಟೆಗೆ ಕೆಲವು ಡಾಲರ್ ಜಾಸ್ತಿ, ಹಳಬರಿಗೆ ಕನಿಷ್ಠ ಕೂಲಿಯ ಆಸುಪಾಸು, ಅಂದರೆ 7.25 ಡಾಲರ್. ಹೊಸಬರಿಗೆ ಕೆಲಸ ಕಲಿಸಿದವರೂ ಹಳಬರೇ. ಕಲಿಸಿದ ಮೇಲೆ ಕೆಲವರ ಕೆಲಸವೇ ಹೋಯಿತು. 2021ರಲ್ಲಿ ಕಪ್ಪು ಕೂಲಿಗಳು ಕೋರ್ಟಿಗೆ ಹೋದರು. ಮರುವರ್ಷ ಆ ಮೊದಲ ಮೊಕದ್ದಮೆ ರಾಜಿಯಾಯಿತು.

ಅದೇ ನಿಯಮ, ಅದೇ ವೀಸಾ. ಒಂದು ಕಡೆ ಮೆಕ್ಸಿಕೋದವನನ್ನು ಕೆಳಗೆ ಕೂರಿಸಲು ಬಳಕೆಯಾಯಿತು, ಇನ್ನೊಂದು ಕಡೆ ಕಪ್ಪು ಅಮೆರಿಕನ್ನನನ್ನು ಹೊರಗೆ ಹಾಕಲು.

ಊರಿಗಿಂತ ಹತ್ತು ಪಟ್ಟು ದುಡ್ಡು ಸಿಗುತ್ತದಲ್ಲ, ಮತ್ತೇನು ಗೋಳು?

ಊರಿಗಿಂತ ಜಾಸ್ತಿ ಸಿಗುವುದು ನಿಜ, ಇಲ್ಲದಿದ್ದರೆ ಯಾರೂ ಹೋಗುತ್ತಿರಲಿಲ್ಲ. ಆದರೆ ಅಕ್ಕಿ, ಬಾಡಿಗೆ, ಡಾಕ್ಟರ ಬಿಲ್ಲು ಎಲ್ಲ ಅಮೆರಿಕದ ರೇಟಿನಲ್ಲೇ ಕಟ್ಟಬೇಕು.

ಫ್ಲಾರಿಡಾದ ಇಮ್ಮೋಕಲಿ ಊರಿನ ಟೊಮೆಟೊ ಲೆಕ್ಕ ನೋಡಿ. ಒಂದು ಬಕೆಟ್ಟಿಗೆ 32 ಪೌಂಡ್ ಕಾಯಿ, ಅಂದರೆ ಹದಿನಾಲ್ಕೂವರೆ ಕಿಲೋ. ಬಹಳ ವರ್ಷ ಅದಕ್ಕೆ ಸಿಗುತ್ತಿದ್ದುದು 50 ಸೆಂಟಿನ ಆಸುಪಾಸು. ಗಂಟೆಗೆ 7.25 ಡಾಲರ್ ಗಿಟ್ಟಬೇಕಾದರೆ ನಾಲ್ಕು ನಿಮಿಷಕ್ಕೆ ಒಂದು ಬಕೆಟ್ ತುಂಬಿ, ಹೆಗಲ ಮೇಲೆ ಹೊತ್ತು ಓಡಿ, ಲಾರಿಯ ಮೇಲೆ ಎತ್ತಿ ಕೊಟ್ಟು, ವಾಪಸ್ ಸಾಲಿಗೆ ಬರಬೇಕು. ಗಂಟೆಗೆ ಎರಡು ಕ್ವಿಂಟಲ್! ಅದರಲ್ಲೂ ಬಕೆಟ್ ಅಂಚಿನ ಮೇಲೆ ಗೋಪುರ ಬರುವಂತೆ ತುಂಬಿಸುತ್ತಿದ್ದರು. ಆ ಗೋಪುರಕ್ಕೆ ದುಡ್ಡಿಲ್ಲ. ತುಂಬದಿದ್ದರೆ ಟೋಕನ್ ಇಲ್ಲ.

ಮಕ್ಕಳೂ ದುಡಿಯುತ್ತಾರಾ?

ಕಾನೂನೇ ಬಿಟ್ಟಿದೆ. ಶಾಲೆಯ ಹೊತ್ತು ಬಿಟ್ಟು, ಅಪ್ಪ ಅಮ್ಮ ಒಪ್ಪಿದರೆ 12 ವರ್ಷದ ಮಗು ಹೊಲದಲ್ಲಿ ಕೂಲಿ ಮಾಡಬಹುದು. ಅಪಾಯದ ಕೆಲಸಕ್ಕೆ ಬೇರೆ ಕಡೆ 18 ಆಗಿರಬೇಕು, ಹೊಲದಲ್ಲಿ 16 ಸಾಕು. ತಂಬಾಕಿನ ಒದ್ದೆ ಎಲೆ ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ವಾಂತಿ, ತಲೆಸುತ್ತು ಬರುತ್ತದೆ. ಸಿಗರೇಟು ಕೊಳ್ಳಲು ವಯಸ್ಸಾಗದ ಮಕ್ಕಳು ಆ ಎಲೆ ಕೀಳುತ್ತಾರೆ. ನಿಯಮ ಬಿಗಿ ಮಾಡಲು ಕಾರ್ಮಿಕ ಇಲಾಖೆ ಒಂದು ಕರಡು ತಂದಿತ್ತು. ವಿರೋಧ ಬಂತು ಅಂತ 2012ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು.

ಬಿಸಿಲಿಗೆ ಸಾಯುವವರು ಅಷ್ಟು ಜನ ಇದ್ದಾರಾ?

1992ರಿಂದ 2006ರವರೆಗಿನ ಸರ್ಕಾರಿ ಲೆಕ್ಕ ಇದೆ. ಕೆಲಸ ಮಾಡುವಾಗ ಬಿಸಿಲಿಗೆ ಸಾಯುವ ಸಂಭವ ಬೆಳೆ ಕೂಲಿಗಳಲ್ಲಿ ಉಳಿದವರಿಗಿಂತ ಸುಮಾರು 20 ಪಟ್ಟು. ಬುಟ್ಟಿ ಲೆಕ್ಕದ ಕೂಲಿಯಲ್ಲಿ ನೀರು ಕುಡಿಯಲು ನಿಂತರೆ ದುಡ್ಡು ಹೋಗುತ್ತದೆ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಅದಕ್ಕೂ ಹೊತ್ತು ಬೇಕು.

ದೇಶದಲ್ಲೇ ಮೊದಲು ಬಿಸಿಲಿನ ನಿಯಮ ಮಾಡಿದ್ದು ಕ್ಯಾಲಿಫೋರ್ನಿಯಾ, 2005ರಲ್ಲಿ. ನೆರಳು, ನೀರು, ವಿರಾಮ ಕೊಡಲೇಬೇಕು. ಮೂರು ವರ್ಷ ಆಗಿರಲಿಲ್ಲ, 2008ರ ಮೇ ತಿಂಗಳಲ್ಲಿ ಸ್ಟಾಕ್‌ಟನ್ ಹತ್ತಿರದ ದ್ರಾಕ್ಷಿ ತೋಟದಲ್ಲಿ 17 ವರ್ಷದ ಗರ್ಭಿಣಿ ಹುಡುಗಿ ಕುಸಿದು ಬಿದ್ದಳು. ಕೆಲಸಕ್ಕೆ ಸೇರಿ ಮೂರನೇ ದಿನ. ನೆರಳಿರಲಿಲ್ಲ, ನೀರು ದೂರವಿತ್ತು. ಎರಡು ದಿನದಲ್ಲಿ ಸತ್ತಳು. ಗುತ್ತಿಗೆ ಕಂಪನಿಯ ಇಬ್ಬರಿಗೆ ಸಿಕ್ಕಿದ್ದು ಸಮಾಜಸೇವೆ, ದಂಡ, ನಡತೆಯ ಮೇಲೆ ನಿಗಾ. ಜೈಲಿಲ್ಲ.

ಇಡೀ ದೇಶಕ್ಕೆ ಒಂದು ನಿಯಮದ ಕರಡು 2024ರಲ್ಲಿ ಬಂತು. ಅದೇ ವರ್ಷ ಫ್ಲಾರಿಡಾ ರಾಜ್ಯ, ಯಾವ ಊರಿನ ಆಡಳಿತವೂ ತಾನಾಗಿ ಬಿಸಿಲಿನ ನಿಯಮ ಮಾಡುವಂತಿಲ್ಲ ಅಂತ ಕಾನೂನು ಮಾಡಿತು.

ಹೆಂಗಸರ ಪಾಡು?

ಸಾಲಿನ ಕೊನೆಯಲ್ಲಿ ಒಬ್ಬಳೇ, ಸುತ್ತ ಯಾರೂ ಇಲ್ಲ, ನಾಳೆ ಕೆಲಸ ಕೊಡುವುದೂ ಬಿಡುವುದೂ ಮೇಸ್ತ್ರಿಯ ಕೈಯಲ್ಲಿ. ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೂರು ಕೊಟ್ಟರೆ ಗಂಡ, ತಮ್ಮ, ನಾದಿನಿ ಎಲ್ಲರ ಕೆಲಸವೂ ಹೋಗುತ್ತದೆ, ಯಾಕೆಂದರೆ ಎಲ್ಲರೂ ಅದೇ ಗುಂಪಿನಲ್ಲಿ. ಆದರೂ ಕೆಲವರು ಕೊಟ್ಟಿದ್ದಾರೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಜ್ಯೂರಿ ಅಂಥ ಒಬ್ಬ ಹೆಂಗಸಿಗೆ ಸುಮಾರು 10 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂದಿತು.

ಒಗ್ಗಟ್ಟಾಗಿ ಹೋರಾಡಲು ಅವರಿಗೆ ಆಗಲಿಲ್ವಾ?

ಆಯಿತು, ಬಹಳ ಹಿಂದೆಯೇ. 1903ರಲ್ಲಿ ಆಕ್ಸ್‌ನಾರ್ಡ್‌ನ ಸಕ್ಕರೆ ಬೀಟ್‌ರೂಟ್ ಹೊಲಗಳಲ್ಲಿ ಜಪಾನಿನವರು, ಮೆಕ್ಸಿಕೋದವರು ಸೇರಿ ಒಂದೇ ಸಂಘ ಕಟ್ಟಿದರು. ಸುಮಾರು 1,200 ಜನ. ಸಭೆಯಲ್ಲಿ ಮಾತು ಎರಡೂ ಭಾಷೆಗೆ ಅನುವಾದ ಆಗಬೇಕಿತ್ತು. ಮುಷ್ಕರ ಮಾಡಿ ಗೆದ್ದರು. ಆಮೇಲೆ ದೇಶದ ದೊಡ್ಡ ಕಾರ್ಮಿಕ ಒಕ್ಕೂಟಕ್ಕೆ ‘ನಮ್ಮನ್ನೂ ಸೇರಿಸಿಕೊಳ್ಳಿ’ ಅಂತ ಬರೆದರು. ಒಕ್ಕೂಟದ ಅಧ್ಯಕ್ಷ ಸ್ಯಾಮ್ಯುಯೆಲ್ ಗಾಂಪರ್ಸ್ ಒಪ್ಪಿದರು, ಒಂದು ಷರತ್ತಿನ ಮೇಲೆ: ಚೀನಾದವರು, ಜಪಾನಿನವರು ಇರಬಾರದು. ಮೆಕ್ಸಿಕೋದ ಕಾರ್ಯದರ್ಶಿ ಲಿಸಾರಾಸ್, ಜಪಾನಿನ ಅಣ್ಣತಮ್ಮಂದಿರನ್ನು ಬಿಟ್ಟು ಬರುವುದಾದರೆ ನಿಮ್ಮ ಮಾನ್ಯತೆಯೇ ಬೇಡ ಅಂತ ಹಿಂದಕ್ಕೆ ಬರೆದರು. ಸಂಘ ಹೆಚ್ಚು ದಿನ ಬಾಳಲಿಲ್ಲ. ಹೊರಗಿನ ಬೆಂಬಲವಿಲ್ಲದೆ ಬಾಳುವುದು ಹೇಗೆ?

ಕ್ಯಾಲಿಫೋರ್ನಿಯಾದ ಡೆಲಾನೋ ಊರಿನ 1965ರ ದ್ರಾಕ್ಷಿ ಮುಷ್ಕರ ಅಲ್ಲಿ ಎಲ್ಲರಿಗೂ ಗೊತ್ತು, ಕೂಲಿಗಳ ನಾಯಕ ಸೀಸರ್ ಚಾವೇಸ್ ಹೆಸರಿನಿಂದ. ಆದರೆ ಅದನ್ನು ಶುರು ಮಾಡಿದ್ದು ಫಿಲಿಪೀನ್ಸ್‌ನ ಕೂಲಿಗಳು, ಲ್ಯಾರಿ ಇಟ್ಲಿಯಾಂಗ್ ಮುಂದಾಳು, ಸೆಪ್ಟೆಂಬರ್ 8ರಂದು. ಅವರಲ್ಲಿ ಹಲವರು ಆಗಲೇ ಮುದುಕರು. ಬಿಳಿಯರನ್ನು ಮದುವೆಯಾಗಬಾರದು ಅನ್ನುವ ಕಾನೂನು 1948ರವರೆಗೆ ಇತ್ತು, ತಮ್ಮ ಕಡೆಯ ಹೆಂಗಸರು ಅಲ್ಲಿ ಇರಲೇ ಇಲ್ಲ. ಹಾಗಾಗಿ ಲೇಬರ್ ಕ್ಯಾಂಪಿನಲ್ಲೇ ಒಂಟಿಯಾಗಿ ವಯಸ್ಸಾದವರು. ಅಲ್ಲಿಯವರೆಗೆ ಒಬ್ಬರು ಮುಷ್ಕರ ಹೂಡಿದರೆ ಇನ್ನೊಬ್ಬರನ್ನು ತಂದು ಕೊಯ್ಲು ಮುಗಿಸುವುದು ಮಾಲೀಕರ ಹಳೇ ಆಟ. ಈ ಸಲ ಎಂಟು ದಿನಕ್ಕೆ ಚಾವೇಸ್, ಡೊಲೋರೆಸ್ ವೆರ್ತಾ ಅವರ ಮೆಕ್ಸಿಕೋ ಮೂಲದ ಸಂಘವೂ ಜೊತೆಗೆ ಬಂತು. ಆಟ ಕೆಟ್ಟಿತು. 1970ರಲ್ಲಿ ಮಾಲೀಕರು ಸಹಿ ಹಾಕಿದರು.

ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಸಂಘ 1974ರಲ್ಲಿ ಕಾಗದಪತ್ರ ಇಲ್ಲದ ಕೂಲಿಗಳನ್ನು ಸರ್ಕಾರಕ್ಕೆ ಹಿಡಿದುಕೊಡುವ ಕೆಲಸಕ್ಕೂ ಇಳಿದಿತ್ತು. ಮುಷ್ಕರ ಮುರಿಯಲು ಅವರನ್ನು ಬಳಸುತ್ತಾರೆ ಅನ್ನುವುದು ಕಾರಣ. ಒಬ್ಬರ ಕೆಳಗೆ ಇನ್ನೊಬ್ಬರು ಅನ್ನುವ ಏಣಿ ಹೋರಾಟದ ಒಳಗೂ ಇತ್ತು.

ಈಚೆಗೆ ಏನಾದರೂ ಗೆದ್ದಿದ್ದಾರಾ?

ಇಮ್ಮೋಕಲಿಯ ಟೊಮೆಟೊ ಕೂಲಿಗಳು ಮಾಲೀಕನನ್ನು ಬಿಟ್ಟು ಅವನಿಂದ ಕೊಳ್ಳುವ ದೊಡ್ಡ ಕಂಪನಿಗಳ ಬೆನ್ನು ಹತ್ತಿದರು. ಪೌಂಡಿಗೆ ಒಂದು ಸೆಂಟ್ ಜಾಸ್ತಿ ಕೊಡಿ, ನಿಯಮ ಮುರಿದ ಜಮೀನಿನಿಂದ ಕೊಳ್ಳಬೇಡಿ. ಇಷ್ಟೇ ಬೇಡಿಕೆ. ಟ್ಯಾಕೋ ಬೆಲ್ ಅನ್ನುವ ಫಾಸ್ಟ್‌ಫುಡ್ ಕಂಪನಿಯ ವಿರುದ್ಧ ನಾಲ್ಕು ವರ್ಷದ ಬಹಿಷ್ಕಾರ 2005ರಲ್ಲಿ ಗೆದ್ದಿತು. 2014ರಲ್ಲಿ ವಾಲ್‌ಮಾರ್ಟ್ ಕೂಡ ಸೇರಿತು. ಆ ಗೋಪುರದ ಬಕೆಟ್ ಈ ಜಮೀನುಗಳಲ್ಲಿ ಈಗ ಇಲ್ಲ. ಕಾನೂನಿಗಿಂತ ಕೊಳ್ಳುವವನ ಬೆದರಿಕೆ ಚುರುಕು ಅಂತ ನನ್ನ ಲೆಕ್ಕ.

ವಾಷಿಂಗ್ಟನ್ ರಾಜ್ಯದಲ್ಲಿ 2013ರಲ್ಲಿ ಬೆರಿ ಹಣ್ಣಿನ ಹೊಲ ಬಿಟ್ಟು ಎದ್ದವರು ಮಿಶ್ತೆಕ್, ತ್ರಿಕಿ ಕುಟುಂಬಗಳು. ಏಣಿಯ ತೀರ ಕೆಳಗಿನವರು. ಫಮಿಲಿಯಾಸ್ ಉನೀದಾಸ್ ಪೋರ್ ಲಾ ಹುಸ್ತೀಸಿಯಾ ಅನ್ನುವ ಸ್ವಂತ ಸಂಘ ಕಟ್ಟಿ 2017ರಲ್ಲಿ ಕರಾರು ಮಾಡಿಸಿಕೊಂಡರು.

ಇದು ಅಮೆರಿಕದ್ದು ಮಾತ್ರವಾ?

ಅಲ್ಲ. ಇಟಲಿಯಲ್ಲಿ ಮೇಸ್ತ್ರಿಗೆ ‘ಕಪೊರಾಲೆ’ ಅನ್ನುತ್ತಾರೆ. 2010ರ ಜನವರಿಯಲ್ಲಿ ರೊಸಾರ್ನೋ ಊರಿನಲ್ಲಿ ಕಿತ್ತಳೆ ಕೊಯ್ಯುವ ಆಫ್ರಿಕಾದವರ ಮೇಲೆ ಗುಂಡು ಹಾರಿಸಿದರು. ಅವರು ಬೀದಿಗಿಳಿದರು. ಕೊನೆಗೆ ಊರು ಬಿಟ್ಟು ಹೋಗಬೇಕಾಗಿ ಬಂದಿದ್ದು ಅವರೇ. 2016ರ ಕಾನೂನು ಮಾಲೀಕನನ್ನೂ ಅಪರಾಧಿ ಮಾಡುತ್ತದೆ. ಆದರೂ 2024ರ ಜೂನ್‌ನಲ್ಲಿ ಲತೀನಾ ಪ್ರಾಂತದಲ್ಲಿ ಒಬ್ಬ ಪಂಜಾಬಿ ಕೂಲಿಯ ಕೈ ಯಂತ್ರಕ್ಕೆ ಸಿಕ್ಕಿ ತುಂಡಾದಾಗ, ಆಸ್ಪತ್ರೆಗೆ ಒಯ್ಯದೆ ಅವನ ಮನೆ ಮುಂದೆ ಇಳಿಸಿ ಹೋದರು. ತುಂಡಾದ ಕೈ ಹಣ್ಣಿನ ಕ್ರೇಟಿನಲ್ಲಿತ್ತು. ಎರಡು ದಿನದ ಮೇಲೆ ರೋಮ್‌ನಲ್ಲಿ ಸತ್ತ.

ಬ್ರಸೆರೋಗಳ ಸಂಬಳದಲ್ಲಿ ಹಿಡಿದ ದುಡ್ಡು ವಾಪಸ್ ಬಂತಾ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದದ್ದು ಇದು. ಯೋಜನೆಯ ಮೊದಲ ವರ್ಷಗಳಲ್ಲಿ ಪ್ರತಿ ಬಟವಾಡೆಯಲ್ಲೂ ನೂರಕ್ಕೆ ಹತ್ತು ಹಿಡಿಯುತ್ತಿದ್ದರು. ಊರಿಗೆ ಮರಳಿದ ಮೇಲೆ ಕೊಡುತ್ತೇವೆ, ಅದರಲ್ಲಿ ಬೇಸಾಯದ ಸಾಮಾನು ಕೊಳ್ಳಿ ಅನ್ನುವ ಮಾತು. ದುಡ್ಡು ಅಮೆರಿಕದ ಬ್ಯಾಂಕಿನಿಂದ ಮೆಕ್ಸಿಕೋದ ಬ್ಯಾಂಕಿಗೆ ಹೋಯಿತು. ಬಹುಪಾಲು ಜನರ ಕೈಗೆ ಬರಲಿಲ್ಲ. ಇಂಥದ್ದೊಂದು ಉಳಿತಾಯ ಇದೆ ಅಂತಲೇ ಹಲವರಿಗೆ ಗೊತ್ತಿರಲಿಲ್ಲ. ಅರವತ್ತು ವರ್ಷದ ಮೇಲೆ, 2008ರಲ್ಲಿ, ಅಮೆರಿಕದ ಕೋರ್ಟಿನಲ್ಲಿ ರಾಜಿಯಾಗಿ ಮೆಕ್ಸಿಕೋ ಸರ್ಕಾರ ತಲಾ 38,000 ಪೆಸೊ ಕೊಡಲು ಒಪ್ಪಿತು. ಆಗಿನ ಲೆಕ್ಕದಲ್ಲಿ ಸುಮಾರು 3,500 ಡಾಲರ್. ಎಂಬತ್ತು ದಾಟಿದ ಮುದುಕರು, ಇಲ್ಲವೇ ಅವರ ವಿಧವೆಯರು, ಅರ್ಜಿ ಹಿಡಿದು ಸಾಲಿನಲ್ಲಿ ನಿಂತರು. ಕೌಂಟರಿನಲ್ಲಿ ಕೇಳುತ್ತಿದ್ದುದು 1940ರ ದಶಕದ ಅಸಲು ಕರಾರು ಪತ್ರ, ಇಲ್ಲವೇ ಸಂಬಳದ ಚೀಟಿ.